ಬಂಡೆಯ ದಕ್ಷಿಣಕ್ಕೆ

ವೈರ್‌ಲೆಸ್ ಅಕ್ಕನಿಗೆ ನೆಗಡಿಯಾದರೆ ಇಡೀ ಬಂದರೇ ಸೀನುತ್ತದೆ ಎಂದು ಮೀನುಗಾರರು ತಮಾಷೆ ಮಾಡುತ್ತಿದ್ದರು. ತಮಾಷೆಯಾದರೂ ಮಾತು ಸುಳ್ಳಲ್ಲ. ಮೀನು ಹರಾಜಿನ ಕಟ್ಟೆಯ ಮೇಲೆ, ತಗಡಿನ ಮಾಡಿನ ಒಂದು ಕೋಣೆಯಲ್ಲಿ, ಒಂದು ಕಾಲು ಕುಂಟುವ ಕುರ್ಚಿಯಲ್ಲಿ ಕೂತು ಅವಳು ಇಪ್ಪತ್ತು ವರ್ಷದಿಂದ ಕಡಲಿಗೆ ಹೋದ ದೋಣಿಗಳ ಜೊತೆ ಮಾತಾಡುತ್ತಿದ್ದಳು. ಯಾರ ಹೆಂಡತಿಗೆ ಹೆರಿಗೆ ನೋವು ಬಂತು, ಯಾರ ಮನೆಯ ಮಾಡು ಸೋರುತ್ತಿದೆ, ಹವಾಮಾನದವರು ಏನೆಂದರು, ಎಲ್ಲವೂ ಅವಳ ಗಂಟಲಿನಿಂದಲೇ ಹೋಗಬೇಕು. ಐಸ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅವಳ ಗಂಡ ಸಿಕ್ಕವರ ಹತ್ತಿರವೆಲ್ಲ ಹೇಳುತ್ತಿದ್ದ: "ನಮ್ಮವಳು ಊಟಕ್ಕೆ ಕರೆದ್ರೂ ಕೊನೇಲಿ 'ಓವರ್' ಅಂತಾಳೆ ಮಾರಾಯ್ರೆ. ನಾನು 'ಓವರ್' ಅನ್ನದೆ ಇದ್ರೆ ಅನ್ನ ಬಡಿಸಲ್ಲ."

ಬಂದರಿನ ತುಂಬ ಅವಳು ಅಕ್ಕ. ವೈರ್‌ಲೆಸ್‌ನಲ್ಲಿ ಮಾತ್ರ 'ಕಂಟ್ರೋಲ್'. ಆ ವಿಷಯದಲ್ಲಿ ಬಲು ಕಟ್ಟುನಿಟ್ಟು. ಯಾರಾದರೂ ಬಾಯಿತಪ್ಪಿ ಅಕ್ಕಾ ಎಂದರೆ, "ಇಲ್ಲಿ ಅಕ್ಕನೂ ಇಲ್ಲ ತಂಗೀನೂ ಇಲ್ಲ, ಕಂಟ್ರೋಲ್ ಅನ್ನಿ" ಎಂದು ಗದರಿಸುತ್ತಿದ್ದಳು. ಸ್ವಂತ ತಮ್ಮನಿಗೂ ಅದೇ ಕಾನೂನು.

ಕಡಲಿಗೆ ಹೋಗುವವರ ಸುಳ್ಳಿನ ಬಗ್ಗೆ ಇಲ್ಲಿ ಎರಡು ಮಾತು ಹೇಳಲೇಬೇಕು. ವೈರ್‌ಲೆಸ್ ಎಂದರೆ ನಡುಬೀದಿಯ ಜಗಳವಿದ್ದ ಹಾಗೆ, ಒಬ್ಬ ಆಡಿದ್ದು ಎಲ್ಲರ ಕಿವಿಗೂ ಬೀಳುತ್ತದೆ. ಮೀನು ಸಿಕ್ಕ ಜಾಗವನ್ನು ಬಾಯಿಬಿಟ್ಟರೆ ಮುಗಿಯಿತು, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಉಳಿದ ದೋಣಿಗಳೆಲ್ಲ ಅಲ್ಲಿಗೆ ಹಾಜರು. ಹಾಗಾಗಿ ಉತ್ತರದಲ್ಲಿರುವವನು ದಕ್ಷಿಣ ಎನ್ನುತ್ತಾನೆ. ಬಲೆ ಹರಿಯುವಷ್ಟು ಮೀನು ಬಿದ್ದವನು "ಇವತ್ತು ಸಾರಿಗೂ ಸಾಲಲ್ಲ" ಎಂದು ಗೋಳಾಡುತ್ತಾನೆ. ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು, ಆದರೂ ಈ ನಾಟಕ ದಿನವೂ ನಡೆಯಬೇಕು. ಅಷ್ಟಕ್ಕೇ ನಿಲ್ಲಿಸಿದರೇ? ಅಪಾಯದ ಕಾಲಕ್ಕೆ ಇರಲಿ ಎಂದು ಸರ್ಕಾರದವರು ಪ್ರತಿ ದೋಣಿಯ ಮಾಡಿಗೂ ಒಂದು ಪೆಟ್ಟಿಗೆ ಹಾಕಿಸಿಕೊಟ್ಟಿದ್ದರು. ಬಿಸಿಲು ಕುಡಿದು ಬದುಕುವ ಪೆಟ್ಟಿಗೆ, ದೋಣಿ ಎಲ್ಲಿದೆ ಎಂದು ತನ್ನಷ್ಟಕ್ಕೆ ಹೇಳುತ್ತಿರುತ್ತದೆ. ಅದು ಹೇಳುವುದು ಬೇರೆ ದೋಣಿಯವರಿಗೂ ಕಾಣುತ್ತದೆ ಎಂದು ಗೊತ್ತಾಗಿದ್ದೇ ತಡ, ನಮ್ಮ ಮಹಾಶಯರು ಅದರ ಮೇಲೆ ಅನ್ನದ ಪಾತ್ರೆ ಬೋರಲು ಹಾಕಿದರು. ಕಾಯುವವನ ಕಣ್ಣಿಗೇ ಮಣ್ಣೆರಚುವ ಜನ! ಹೇಳಿದರೆ ಕೇಳಬೇಕಲ್ಲ.

ಈ ಸುಳ್ಳುಗಾರರಲ್ಲೆಲ್ಲ ಎತ್ತಿದ ಕೈ ಅಕ್ಕನ ತಮ್ಮ. ಅವನನ್ನು ಕರೆಯುತ್ತಿದ್ದುದೇ ಬುರುಡೆ ಎಂದು. ತಾಯಿ ಸತ್ತಾಗ ಅವನಿನ್ನೂ ತೊದಲು ಮಾತಿನ ಕೂಸು. ಅಕ್ಕನ ಸೊಂಟದ ಮೇಲೆ ಬೆಳೆದವನು, ಅವಳ ಮದುವೆಯಲ್ಲಿ ಸೆರಗು ಹಿಡಿದುಕೊಂಡೇ ಗಂಡನ ಮನೆಗೂ ಬಂದವನು. ಅಡುಗೆಮನೆಯಲ್ಲಿದ್ದೀನಿ ಎಂದರೆ ಹಿತ್ತಿಲಲ್ಲಿ ಹುಡುಕಬೇಕು, ಶಾಲೆಗೆ ಹೊರಟೆ ಎಂದರೆ ದೋಣಿ ನಿಲ್ಲುವ ದಕ್ಕೆಗೆ ಹೋಗಿ ಕಿವಿ ಹಿಡಿದು ತರಬೇಕು. "ಇವನದ್ದು ಸೀದಾ ಲೆಕ್ಕ, ಹೇಳಿದ್ದಕ್ಕೆ ಉಲ್ಟಾ ಹಿಡಿದ್ರೆ ಸಿಕ್ಕಿಬೀಳ್ತಾನೆ" ಎಂದು ಅಕ್ಕ ನಗುತ್ತಿದ್ದಳು. ನಗುವಿನ ಹಿಂದೆ ಹೆಮ್ಮೆಯೂ ಇತ್ತು. ಲೋಕಕ್ಕೆಲ್ಲ ಬುರುಡೆ ಬಿಡುವವನನ್ನು ತಾನೊಬ್ಬಳು ಓದಬಲ್ಲೆ ಎಂಬ ಹೆಮ್ಮೆ.

ಆ ಹೆಮ್ಮೆಗೆ ಕಾರಣವೂ ಇತ್ತು ಅನ್ನಿ. ಕಡಲ ನಡುವೆ ಒಂದು ಬಂಡೆಯಿದೆ, ಅದರ ಬುಡದಿಂದ ಆಳ ಸಮುದ್ರದತ್ತ ಮೈಲಿಗಟ್ಟಲೆ ನೀರೊಳಗೇ ಹಾಸಿರುವ ಕಲ್ಲುಸಾಲು. ಹಿಂದಿನ ವರ್ಷ ಅಲ್ಲೇ ಬುರುಡೆಯ ಇಂಜಿನ್ ಕೈಕೊಟ್ಟಿತ್ತು. ಬಂಡೆಯ ದಕ್ಷಿಣಕ್ಕಿದ್ದೀನಿ, ಎಳೆದು ತರೋಕೆ ಯಾರನ್ನಾದ್ರೂ ಕಳಿಸಿ ಎಂದ. ಅಕ್ಕ ಒಂದು ಗಳಿಗೆ ಯೋಚಿಸಿ, "ಉತ್ತರಕ್ಕೆ ಹೋಗ್ರೋ" ಎಂದಳು. ಹೋದವರಿಗೆ ಆಸಾಮಿ ಉತ್ತರದಲ್ಲೇ ಸಿಕ್ಕ, ಬಲೆ ತುಂಬ ಮೀನಿಟ್ಟುಕೊಂಡು ಹಲ್ಲು ಕಿರಿಯುತ್ತಿದ್ದ. ಇಂಜಿನ್ ಸತ್ತಿದ್ದರೂ ಮೀನಿನ ಜಾಗ ಬಿಟ್ಟುಕೊಟ್ಟಿರಲಿಲ್ಲ ಪುಣ್ಯಾತ್ಮ! ಅಕ್ಕ ಹೇಗೂ ತಿಳಿದುಕೊಳ್ಳುತ್ತಾಳೆ ಎಂಬ ಧೈರ್ಯ ಅವನಿಗೆ. ಆ ಕಥೆಯನ್ನು ಬಂದರಿನಲ್ಲಿ ಎಲ್ಲರೂ ಹೇಳಿ ಹೇಳಿ ನಕ್ಕರು. ಬಂದರಿನ ಅಧಿಕಾರಿಯೂ, "ಅವನು ಸುಳ್ಳು ಹೇಳಿದ್ರೂ ನಮ್ಮ ಅಕ್ಕನಿಗೆ ನಿಜ ಕೇಳಿಸುತ್ತೆ" ಎಂದು ಬೆನ್ನು ತಟ್ಟಿದ್ದರು.

ಈ ಸಲದ ಚಂಡಮಾರುತ ದಿಢೀರನೆ ಬಂದದ್ದಲ್ಲ. ವಾರದಿಂದ ಅದರ ಸುದ್ದಿಯಿತ್ತು. ಗೋಡೆಯ ಮೇಲಿನ ಕಡಲಿನ ನಕ್ಷೆಗೆ ಅಕ್ಕ ಪ್ರತಿ ವರದಿಗೂ ಒಂದು ಪಿನ್ನು ಚುಚ್ಚುತ್ತಾ ಬಂದಿದ್ದಳು. ಡಬ್ಬಿಯಲ್ಲಿದ್ದ ಪಿನ್ನು ಮುಗಿದಾಗ ಸೆರಗಿನದ್ದನ್ನೇ ಕಿತ್ತು ಚುಚ್ಚಿದಳು. ಮೊದಮೊದಲು ಪಿನ್ನುಗಳ ಸಾಲು ಬೇರೆಲ್ಲೋ ಹೋಗುವ ಹಾಗೆ ಕಾಣುತ್ತಿತ್ತು. ಆಮೇಲೆ ನಡುಕಡಲಿನಲ್ಲಿ ಮಗ್ಗುಲು ಬದಲಿಸಿ ನೇರ ಬಂದರಿನತ್ತ ಮುಖ ಮಾಡಿತು. ಗಾಳಿಯ ಒತ್ತಡ ತೋರಿಸುವ ಗಡಿಯಾರದ ಮುಳ್ಳು ಅವಳು ಎಂದೂ ನೋಡದ ಜಾಗಕ್ಕೆ ಇಳಿದು ಕೂತಿತು.

ಬಂದರಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸದಷ್ಟು ಗಡಿಬಿಡಿ. ದೋಣಿಗಳನ್ನು ಒಳಗಿನ ಹಿನ್ನೀರಿಗೆ ತಂದು, ನಡುವೆ ಹಳೆಯ ಟೈರು ತುರುಕಿ, ನೀರು ಏರಿದರೆ ಹಗ್ಗ ಕಿತ್ತುಹೋಗದ ಹಾಗೆ ಸಡಿಲ ಬಿಟ್ಟು ಕಟ್ಟಿದರು. ಐಸ್ ಕಾರ್ಖಾನೆಯವರು ಯಂತ್ರಗಳನ್ನು ಬಿಚ್ಚಿ ಮಹಡಿಗೆ ಸಾಗಿಸಿದರು. ದಡದ ಮನೆಗಳವರು ಹಾಸಿಗೆ, ಪಾತ್ರೆ, ಹೊಲಿಗೆ ಯಂತ್ರ, ಕೋಳಿ, ಅಜ್ಜಿ, ಎಲ್ಲವನ್ನೂ ಒಂದೇ ಗಾಡಿಗೆ ಹೇರಿಕೊಂಡು ಎತ್ತರದ ಶಾಲೆಯತ್ತ ಹೊರಟರು. ಅಕ್ಕನ ಗಂಡ ಕಿಟಕಿಗೆ ಅಡ್ಡಹಲಗೆ ಹೊಡೆಯಲು ಬಂದವನು, "ಎಲ್ಲ ದೋಣಿ ಬಂದ್ವಾ?" ಎಂದು ಕೇಳಿದ.

"ಒಂದು ಬಿಟ್ಟು" ಎಂದಳು ಅಕ್ಕ.

ಅದು ಯಾವುದೆಂದು ಅವನು ಕೇಳಲಿಲ್ಲ. ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗಿದು ಕಡಲಿನತ್ತ ನೋಡಿದ.

ಎರಡು ದಿನದಿಂದ ಅವಳು ಬುರುಡೆಯನ್ನು ಕರೆಯುತ್ತಲೇ ಇದ್ದಳು. "ಹೊರಟೆ ಕಂಟ್ರೋಲ್, ದಾರೀಲಿದೀನಿ" ಎನ್ನುತ್ತಿದ್ದ. ದಾರಿಯೂ ಇಲ್ಲ, ಮಣ್ಣೂ ಇಲ್ಲ. ಬಿರುಗಾಳಿಗೆ ಮುಂಚೆ ಮೀನು ಹಿಂಡುಗಟ್ಟಿ ಮೇಲೆ ಬರುತ್ತವೆ. ಅದನ್ನು ಬಿಟ್ಟು ಬರಲು ಅವನಿಗೆ ಮನಸ್ಸು ಬಂದಿರಲಿಲ್ಲ. ಅಕ್ಕ ಬೈದಳು, ಗೋಗರೆದಳು, ಕೊನೆಗೆ, "ನಿನ್ನ ಮಗಳ ಮುಖ ನೋಡೋದು ಬೇಡ್ವಾ?" ಎಂದೂ ಕೇಳಿದಳು. "ಬಂದೇ ಕಂಟ್ರೋಲ್, ಅನ್ನ ಮಾಡಿಡೋಕೆ ಹೇಳಿ" ಎಂದು ನಕ್ಕ. ನಗು ಕೇಳಿ ಅವಳಿಗೆ ಮೈಯೆಲ್ಲ ಉರಿಯಿತು.

ಮೂರನೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಸೆಟ್ ಕರಕರ ಎಂದಿತು. ಆಗ ಕೋಣೆಯಲ್ಲಿ ಅಕ್ಕ ಮತ್ತು ಅವಳ ಗಂಡನ ಜೊತೆ ತಮ್ಮನ ಹೆಂಡತಿಯೂ ಇದ್ದಳು. ಬಲೆ ಹೊಲಿಯುವ ಶೆಡ್ಡಿನಲ್ಲಿ ಕೆಲಸ ಮಾಡುವ, ಮಾತು ಕಡಿಮೆಯ ಹೆಂಗಸು. ಮಗಳನ್ನು ಶಾಲೆಯಲ್ಲಿ ನೆರೆಯವರ ಕೈಗೆ ಕೊಟ್ಟು, ಗಾಳಿಯಲ್ಲಿ ಮೆಟ್ಟಿಲು ಹತ್ತಿ ಬಂದು ಮೂಲೆಯಲ್ಲಿ ಕೂತಿದ್ದಳು.

"ಅಕ್ಕಾ!" ಬುರುಡೆಯ ಗಂಟಲು. "ಅಕ್ಕಾ, ದೋಣಿ ಅಡಿ ಫ್ಯಾನಿಗೆ ಬಲೆ ಸುತ್ತಿಕೊಂಡು ಇಂಜಿನ್ ನಿಂತಿದೆ. ಲಂಗರು ಹಾಕಿದೀನಿ. ಬಂಡೆಯ ದಕ್ಷಿಣಕ್ಕೆ, ಸಾಲಿನ ಬುಡದ ಹತ್ರ. ಯಾರನ್ನಾದ್ರೂ ಬೇಗ..." ಅಷ್ಟರಲ್ಲಿ ಏನೋ ಮುರಿದ ಸದ್ದು. ಆಮೇಲೆ ಬರೀ ಸುಯ್ಯೆನ್ನುವ ಶಬ್ದ. ಅಕ್ಕ ಮತ್ತೆ ಮತ್ತೆ ಕರೆದಳು.

ಅಧಿಕಾರಿ ಏದುಸಿರು ಬಿಡುತ್ತಾ ಮೇಲೆ ಬಂದರು. ಹೆಲಿಕಾಪ್ಟರ್ ಹಾರುವ ಗಾಳಿಯಲ್ಲ. ಹೊರಗೆ ಒಂದೇ ಒಂದು ರಕ್ಷಣಾ ಹಡಗಿತ್ತು, ಅದೂ ಆಶ್ರಯಕ್ಕೆ ದೂರದ ಬಂದರಿಗೆ ಹೊರಟಿತ್ತು. ಅದರ ಕ್ಯಾಪ್ಟನ್ ಹೋಗುವ ದಾರಿಯಲ್ಲಿ ಒಂದು ಸಲ ಬಂಡೆಯತ್ತ ತಿರುಗಲು ಒಪ್ಪಿದ್ದ. ಆದರೆ ಕಲ್ಲುಸಾಲನ್ನು ಅಷ್ಟು ದೊಡ್ಡ ಹಡಗು ದಾಟಲಾರದು, ಬಂಡೆಯ ದಡದ ಬದಿಗೆ ಆಳ ಸಾಲದು, ಸಾಲಿನ ತುದಿಯನ್ನು ಸುತ್ತಿ ಬರಲು ಹೊತ್ತಿಲ್ಲ. ಹೋಗುವುದಾದರೆ ಯಾವುದಾದರೂ ಒಂದು ಬದಿಗೆ.

"ಉತ್ತರವೋ ದಕ್ಷಿಣವೋ, ಈಗ್ಲೇ ಹೇಳ್ಬೇಕಮ್ಮಾ" ಎಂದರು ಅಧಿಕಾರಿ. "ಅವನ ಪೆಟ್ಟಿಗೆ ಏನೂ ಹೇಳ್ತಿಲ್ಲ."

"ಏನು ಹೇಳುತ್ತೆ, ಪಾತ್ರೆ ಮುಚ್ಚಿಕೊಂಡು ಕೂತಿದೆಯಲ್ಲ" ಎಂದಳು ಅಕ್ಕ. ಅವಳ ತಲೆ ಓಡುತ್ತಿತ್ತು. ದಕ್ಷಿಣ ಅಂದ. ಹಿಂದಿನ ಸಲವೂ ದಕ್ಷಿಣ ಅಂದಿದ್ದ, ಇದ್ದದ್ದು ಉತ್ತರದಲ್ಲಿ. ಫ್ಯಾನಿಗೆ ಬಲೆ ಸುತ್ತಿದೆ ಅಂದರೆ ಬಲೆ ನೀರಿನಲ್ಲೇ ಇದೆ, ಮೀನೂ ಇದೆ. ಮೀನಿರುವಾಗ ಇವನು ಯಾವತ್ತು ಜಾಗ ಹೇಳಿದ್ದಾನೆ? ಅಕ್ಕ ಉಲ್ಟಾ ಹಿಡಿಯುತ್ತಾಳೆ ಎಂದು ನಂಬಿಕೊಂಡೇ ಹೇಳಿರುತ್ತಾನೆ. ತಾನು ತಪ್ಪಿದರೆ ಕಾಯುವವರು ಯಾರು?

"ಉತ್ತರ" ಎಂದಳು.

ಮೂಲೆಯಿಂದ ತಮ್ಮನ ಹೆಂಡತಿ ಎದ್ದು ಬಂದಳು. "ಅತ್ತಿಗೆ, ಅವ್ರು ದಕ್ಷಿಣ ಅಂದ್ರು."

"ಗೊತ್ತು ಕಣೇ. ಅದಕ್ಕೇ ಉತ್ತರ ಅಂತಿರೋದು."

"ಇವತ್ತು ಹಾಗೆ ಹೇಳಿರಲ್ಲ ಅತ್ತಿಗೆ. ಅವ್ರು ನಿಮ್ಮನ್ನ ಅಕ್ಕಾ ಅಂದ್ರು. ವೈರ್‌ಲೆಸ್‌ನಲ್ಲಿ ಯಾವತ್ತಾದ್ರೂ ಹಾಗಂದಿದ್ದಾರಾ?"

"ಹೆದರಿದಾನೆ, ಅಂದಿದಾನೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ. ನೀನು ಅವನ ಜೊತೆ ಆರು ವರ್ಷದಿಂದ ಇದೀಯ, ನಾನು ಅವನು ಹಾಲು ಕುಡಿಯೋ ಕಾಲದಿಂದ ನೋಡಿದೀನಿ. ಅವನ ಸುಳ್ಳು ನನಗೆ ಗೊತ್ತಿಲ್ದೆ ನಿನಗೆ ಗೊತ್ತಾ?"

ಹೆಂಡತಿ ಅಧಿಕಾರಿಯ ಮುಖ ನೋಡಿದಳು. ಪಾಪ, ಅವರೇನು ಮಾಡಿಯಾರು? ಹಿಂದಿನ ವರ್ಷ ಈ ಅಕ್ಕನ ಮಾತೇ ನಿಜವಾದದ್ದನ್ನು ಕಣ್ಣಾರೆ ಕಂಡಿದ್ದರು. "ಅಕ್ಕ ಹೇಳಿದ್ಮೇಲೆ ಮುಗೀತಮ್ಮಾ" ಎಂದು ಹಡಗಿಗೆ ಉತ್ತರದ ಬದಿಯನ್ನೇ ಹೇಳಿದರು. ಹೆಂಡತಿ ಮೂಲೆಗೆ ಹೋಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು.

ಕಾಯುವ ಕೆಲಸ ಶುರುವಾಯಿತು. ಗಾಳಿಗೆ ತಗಡು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು, ಹಲಗೆಯ ಸಂದಿಯಿಂದ ಉಪ್ಪುನೀರು ಚಿಮ್ಮಿ ನಕ್ಷೆಯನ್ನು ತೋಯಿಸುತ್ತಿತ್ತು. ಕರೆಂಟು ಹೋಯಿತು. ಬ್ಯಾಟರಿಯ ಮೇಲೆ ಸೆಟ್ ನಡೆಯುತ್ತಿತ್ತು. ಅಕ್ಕ ಕರೆಯುವುದನ್ನು ಬಿಡಲಿಲ್ಲ, ಸೆಟ್ ಸುಯ್ಯೆನ್ನುವುದನ್ನೂ ಬಿಡಲಿಲ್ಲ. ಹಡಗು ಬಂಡೆಯ ಉತ್ತರಕ್ಕೆ ಮುಟ್ಟಿತು ಎಂದು ಅಧಿಕಾರಿ ಹೇಳಿದಾಗ ಅವಳಿಗೆ ಹೋದ ಜೀವ ಬಂದಂತಾಯಿತು. "ಬರಲಿ, ಕಾಲಿಗೆ ಕಟ್ಟೋ ಹಗ್ಗ ರೆಡಿ ಮಾಡ್ತೀನಿ ಅವನಿಗೆ" ಎಂದಳು. ಗಂಡ ನಕ್ಕ. ತಮ್ಮನ ಹೆಂಡತಿ ನಗಲಿಲ್ಲ.

ಹಡಗಿನ ಜೊತೆ ಮಾತಾಡಲು ಅಧಿಕಾರಿಯ ಕೈಯಲ್ಲಿ ಬೇರೆಯೇ ಸೆಟ್ ಇತ್ತು. ಅದರ ಮಾತು ಮೀನಿನ ದೋಣಿಗಳಿಗೆ ಕೇಳುವುದಿಲ್ಲ. ಅದರಲ್ಲಿ ಕ್ಯಾಪ್ಟನ್ ಹೇಳಿದ: "ಇಲ್ಲಿ ಯಾರೂ ಇಲ್ಲ."

"ಇನ್ನೂ ಸ್ವಲ್ಪ ಹುಡುಕೋಕೆ ಹೇಳಿ ಸಾರ್" ಎಂದಳು ಅಕ್ಕ. "ಸಾಲಿನ ಬುಡಕ್ಕೆ ಹೋಗೋಕೆ ಹೇಳಿ."

ಹುಡುಕಿದರು. ಬುಡದ ತನಕ ಹೋದರು. ಯಾರೂ ಇರಲಿಲ್ಲ.

ಆಗಲೇ ಅವಳ ಮೇಜಿನ ಸೆಟ್ ಕೆಮ್ಮಿತು.

"ಅಕ್ಕಾ, ಕೇಳಿಸ್ತಾ? ಏರಿಯಲ್ ಮುರಿದಿತ್ತು, ತಂತಿ ಕಟ್ಟಿ ಏನೋ ಮಾಡಿದೀನಿ. ನೀರು ಒಳಗೆ ಬರ್ತಿದೆ. ನಾನೂ ಕೆಲಸದ ಹುಡುಗರೂ ಸೇರಿ ಹೊರಗೆ ಚೆಲ್ತಿದೀವಿ. ಹಡಗು ಕಳಿಸಿದ್ಯಾ? ಈ ಕಡೆ ಏನೂ ಕಾಣ್ತಿಲ್ವಲ್ಲ?"

"ಯಾವ ಕಡೆ?" ಅಕ್ಕ ಮೈಕನ್ನು ಬಾಯಿಗೆ ಒತ್ತಿ ಹಿಡಿದಳು. "ನೀನು ಯಾವ ಕಡೆ ಇದೀಯೋ?"

"ಹೇಳಿದ್ನಲ್ಲ ಅಕ್ಕಾ. ಬಂಡೆಯ ದಕ್ಷಿಣಕ್ಕೆ."

"ನಿಜ ಹೇಳೋ! ನಿನ್ನ ದಮ್ಮಯ್ಯ, ನಿಜ ಹೇಳು!"

"ಅಯ್ಯೋ, ಈ ಹೊತ್ತಲ್ಲಿ ನಿನ್ನ ಹತ್ರ ಸುಳ್ಳು ಹೇಳ್ತೀನಾ? ಪೆಟ್ಟಿಗೆ ಮೇಲಿನ ಪಾತ್ರೇನೂ ಕಿತ್ತು ಬಿಸಾಕಿದೀನಿ. ಬಿಸಿಲು ಕಾಣ್ದೆ ಸತ್ತುಹೋಗಿದೆ, ದೀಪಾನೇ ಬರ್ತಿಲ್ಲ."

ಅಕ್ಕನ ಕೈಯಿಂದ ಮೈಕು ಜಾರಿತು. ಅವಳು ತಿರುಗಿ ಅಧಿಕಾರಿಯ ಕೈಯಲ್ಲಿದ್ದ ಸೆಟ್ಟನ್ನು ಕಸಿದುಕೊಂಡಳು. ಇಪ್ಪತ್ತು ವರ್ಷದ ಕಟ್ಟುನಿಟ್ಟೆಲ್ಲ ಗಾಳಿಗೆ ಹೋಯಿತು. "ಕ್ಯಾಪ್ಟನ್ ಸಾರ್, ದಕ್ಷಿಣದಲ್ಲಿದಾನೆ! ತಪ್ಪು ನನ್ನದು, ನಾನು ತಪ್ಪು ಹೇಳಿದೆ. ಸುತ್ತಿಕೊಂಡು ಹೋಗಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ. ನನ್ನ ತಮ್ಮ ಸಾರ್ ಅವನು. ನಾನು ಸಾಕಿದ ಮಗು ಸಾರ್!"

ಆ ಕಡೆಯಿಂದ ಕ್ಯಾಪ್ಟನ್ ತುಂಬ ಮೆಲ್ಲಗೆ ಹೇಳಿದ: "ಸುತ್ತಿ ಬರೋಕೆ ನಂಗೆ ಕತ್ತಲಾಗುತ್ತಮ್ಮಾ. ಅಷ್ಟೊತ್ತಿಗೆ ಚಂಡಮಾರುತ ಮೇಲೇ ಇರುತ್ತೆ. ನನ್ನ ಹಡಗಲ್ಲೂ ಜನ ಇದ್ದಾರೆ, ಅವರಿಗೂ ಅಕ್ಕ ತಂಗಿ ಇದ್ದಾರೆ. ನಾನು ಹೊರಡ್ಲೇಬೇಕು. ಕ್ಷಮಿಸಿ."

ಅವನನ್ನು ಬೈಯುವ ಹಾಗೂ ಇರಲಿಲ್ಲ. ತನ್ನ ಸುರಕ್ಷೆ ಬಿಟ್ಟು ಬಂದವನನ್ನು ತಪ್ಪು ಬದಿಗೆ ಕಳಿಸಿದವಳು ತಾನು. ಅಕ್ಕ ಹಣೆಯನ್ನು ಮೇಜಿಗೆ ಚಚ್ಚಿಕೊಂಡಳು. "ನಾನೇ ಕೊಂದೆ. ಎಲ್ಲ ಗೊತ್ತು ಅಂತ ಮೆರೆದು ನಾನೇ ಕೊಂದುಬಿಟ್ಟೆ" ಎಂದು ಅಳುತ್ತಿದ್ದಳು. ಗಂಡ ತೋಳು ಹಿಡಿದ. ಅಧಿಕಾರಿ ಗೋಡೆಯತ್ತ ತಿರುಗಿ ನಿಂತರು.

"ಅಕ್ಕಾ?" ಎಂದಿತು ಮೇಜಿನ ಸೆಟ್. "ಅಕ್ಕಾ, ಇದೀಯಾ? ಹುಡುಗರು ಕೇಳ್ತಿದಾರೆ. ಹಡಗು ಬರುತ್ತೆ ಅಂದ್ರೆ ಇನ್ನೊಂದಷ್ಟು ನೀರು ಚೆಲ್ತಾರಂತೆ. ಕೈ ಸೋತಿದೆ ಪಾಪ."

ನೆಲಕ್ಕೆ ಬಿದ್ದಿದ್ದ ಮೈಕನ್ನು ಎತ್ತಿ ಅಕ್ಕನ ಕೈಗೆ ಕೊಟ್ಟದ್ದು ತಮ್ಮನ ಹೆಂಡತಿ. "ನಾನು ಹೇಳಿದ್ನಲ್ಲ" ಎನ್ನಲಿಲ್ಲ. ಅಂದಿದ್ದರೆ ಎಷ್ಟೋ ವಾಸಿಯಿತ್ತು. "ಮಾತಾಡಿ ಅತ್ತಿಗೆ" ಎಂದಳು ಅಷ್ಟೆ. "ಅವ್ರು ಕಾಯ್ತಿದಾರೆ."

ಅಕ್ಕ ಮುಖ ಒರೆಸಿಕೊಂಡಳು. ಇಪ್ಪತ್ತು ವರ್ಷದಲ್ಲಿ ಆ ಮೈಕಿನಲ್ಲಿ ಒಂದೇ ಒಂದು ಸುಳ್ಳೂ ಹೇಳಿದವಳಲ್ಲ.

"ಹಡಗು ಬರ್ತಾ ಇದೆ ಕಣೋ" ಎಂದಳು. "ದಕ್ಷಿಣಕ್ಕೇ ಬರ್ತಾ ಇದೆ. ಹತ್ರದಲ್ಲೇ ಇದೆ, ಮಳೆಗೆ ನಿನಗೆ ಕಾಣ್ತಿಲ್ಲ. ಚೆಲ್ತಾ ಇರಿ. ಓವರ್."

ಬುರುಡೆಯ ಕಡೆಯಿಂದ ಗಾಳಿಯ ಸದ್ದು, ಯಾರೋ ಕೆಮ್ಮಿದ್ದು, ಡಬ್ಬದಿಂದ ನೀರು ಸುರಿದದ್ದು ಕೇಳಿಸಿತು. ಹುಟ್ಟಿದಾಗಿನಿಂದ ಸುಳ್ಳನ್ನೇ ಉಂಡು ಬೆಳೆದವನು ಅವನು. ಸುಳ್ಳಿನ ರುಚಿ ಅವನಿಗೆ ಗೊತ್ತಾಗದೆ ಇರುತ್ತದೆಯೇ?

"ಚೆನ್ನಾಗಿ ಹೇಳಿದೆ ಅಕ್ಕಾ" ಎಂದ ಕೊನೆಗೆ, ಪಕ್ಕದವರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ. "ಹುಡುಗರು ನಂಬಿದ್ರು. ಅಳಬೇಡ. ಇನ್ನೊಂದ್ಸಲ ಹೇಳು, ಸ್ವಲ್ಪ ಜೋರಾಗಿ."

ಅವಳು ಜೋರಾಗಿ ಹೇಳಿದಳು. ಮತ್ತೆ ಹೇಳಿದಳು. ಕ್ಯಾಪ್ಟನ್ ದೀಪ ಹಾಕಿದ್ದಾನೆ ಎಂದಳು, ಹಗ್ಗ ಎಸೆಯುವವರು ಸಾಲಾಗಿ ನಿಂತಿದ್ದಾರೆ ಎಂದಳು, ಬಿಸಿ ಚಹಾ ಕಾಯಿಸಿಟ್ಟಿದ್ದಾರಂತೆ ಎಂದಳು. ಪಕ್ಕದಲ್ಲಿ ತಮ್ಮನ ಹೆಂಡತಿ ಮೈಕಿಗೆ ಬಾಯಿ ತಂದು, "ಅನ್ನ ಮಾಡಿಟ್ಟಿದೀನಿ" ಎಂದಳು. "ಹ್ಞಾಂ, ಬಂದೆ" ಎಂದ ಬುರುಡೆ. ಅದೇ ಅವನ ಕೊನೆಯ ಮಾತು.

ಕತ್ತಲಾಗುವ ಹೊತ್ತಿಗೆ ತಗಡಿನ ಅರ್ಧ ಮಾಡು ಹಾರಿಹೋಯಿತು. ಅಧಿಕಾರಿ ಎಲ್ಲರನ್ನೂ ಕೆಳಗಿಳಿಯಲು ಹೇಳಿದರು. ಮಳೆ ನೇರ ಮೇಜಿನ ಮೇಲೆ ಸುರಿಯುತ್ತಿತ್ತು, ಸೆಟ್ಟಿನಿಂದ ಆಗಲೇ ಸುಯ್ಯೆನ್ನುವ ಸದ್ದೂ ಬರುತ್ತಿರಲಿಲ್ಲ. ಗಂಡ ಬಂದು ಸೊಂಟ ಹಿಡಿದು ಎಬ್ಬಿಸಿದಾಗ ಅಕ್ಕ ಮೈಕನ್ನು ಎದೆಗೆ ಅವುಚಿಕೊಂಡು ಹೇಳುತ್ತಲೇ ಇದ್ದಳು: "ಬಂತು ಕಣೋ, ಬಂದೇಬಿಡ್ತು, ದಕ್ಷಿಣಕ್ಕೇ ಬಂತು. ಓವರ್." ಹೇಳಿ, ಬಾಯಿ ಮುಚ್ಚಿ, ಅವನ ಸರದಿಗೆ ಕಾದಳು.